ಗೇಟಿನ ಮುಂದೆ ಸ್ತೋತ್ರ

ಜಮೈಕಾದ ಈ ಗುಡ್ಡದೂರಿನಲ್ಲಿ, ಸುಗ್ಗಿಯ ಭಾನುವಾರ ನಾವೆಲ್ಲ ಹಿತ್ತಲಿನ ಫಸಲನ್ನು ಚರ್ಚಿಗೆ ತಂದು ಒಪ್ಪಿಸುತ್ತೇವೆ. ಮರುದಿನ ಅದು ಬುಟ್ಟಿಗಳಲ್ಲಿ ಕೈಲಾಗದವರ ಮನೆಗೆ ಹೋಗುತ್ತದೆ. ಇಪ್ಪತ್ತೆಂಟು ವರ್ಷ ಆ ಬುಟ್ಟಿ ಹಂಚಿದವಳು ಡಲ್ಸಿ ಅಕ್ಕ. ತನ್ನ ಹೊಲದ ಅತಿ ದೊಡ್ಡ ಗೆಡ್ಡೆಯನ್ನು ಕೊಡುತ್ತಿದ್ದವಳೂ ಅವಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳದೊಂದು ಕಟ್ಟಳೆಯಿತ್ತು. ಕೊಡುವವರು ಗೇಟಿನ ಮುಂದೆ ನಿಂತು ಹಾಡಬೇಕು. ಪಡೆಯುವವರು ಹೊರಗೆ ಬಂದು, ಬೀದಿಗೆಲ್ಲ ಕೇಳುವಂತೆ ದೇವರಿಗೆ ಸ್ತೋತ್ರ ಹೇಳಬೇಕು.

ಅಪ್ಪ ಸತ್ತ ವರ್ಷ ನನ್ನ ಅಮ್ಮನೂ ಹಾಗೆ ಹೊರಗೆ ಬಂದು ನಿಂತಿದ್ದಳು. "ಸ್ವಲ್ಪ ಜೋರಾಗಿ ಹೇಳಮ್ಮಾ, ದೇವರ ಮುಂದೆ ಎಂಥ ನಾಚಿಕೆ?" ಎಂದಿದ್ದಳು ಡಲ್ಸಿ ಅಕ್ಕ. ಆ ಮಾತು ನನ್ನೊಳಗೆ ಇನ್ನೂ ಉರಿಯುತ್ತದೆ.

ಈ ವರ್ಷ ಬಿದ್ದು ಸೊಂಟ ಮುರಿದುಕೊಂಡವಳು ಡಲ್ಸಿ ಅಕ್ಕನೇ. ಸೋಮವಾರ ಬೆಳಿಗ್ಗೆ ಅವಳ ಗೇಟಿನ ಮುಂದೆ ಏಳು ಜನ ಹಾಡುತ್ತಿದ್ದೆವು. ಬುಟ್ಟಿ ನನ್ನ ತಲೆಯ ಮೇಲಿತ್ತು.

"ನೊವ್ಲೆಟ್, ಹಿಂದಿನ ಬಾಗ್ಲಲ್ಲಿ ಇಟ್ಟು ಹೋಗೇ, ನಿನ್ ದಮ್ಮಯ್ಯ," ಎಂದು ಕಿಟಕಿಯಿಂದ ನನ್ನನ್ನು ಬೇಡಿಕೊಂಡಳು.

ಚರ್ಚಿನ ಹಿರಿಯ ಲಿಂಡೆಲ್ ನಕ್ಕ. "ಅಕ್ಕಾ, ನೀವು ಹಾಕಿಕೊಟ್ಟ ಪದ್ಧತಿ, ನಾವು ಮುರಿಯೋದುಂಟಾ?"

ಅಕ್ಕಪಕ್ಕದವರು ಜಗಲಿಗೆ ಬಂದರು. ಎರಡು ಕೋಲೂರಿ ಅವಳು ಹೊರಬಂದಳು. ಒಳಗೆ ನುಗ್ಗಿ ಬುಟ್ಟಿ ಇಟ್ಟುಬಿಡಬೇಕೆನಿಸಿತು. ಆದರೂ ಬುಟ್ಟಿ ಹೊತ್ತು ಸಾಲಿನಲ್ಲೇ ನಿಂತೆ. ಅವಳ ತುಟಿ ಅಲುಗಿತು, ದನಿ ಬರಲಿಲ್ಲ.

"ಸ್ವಲ್ಪ ಜೋರಾಗಿ ಹೇಳಕ್ಕಾ."

ತಡೆಯುವಷ್ಟರಲ್ಲಿ ಅದು ನನ್ನ ಬಾಯಿಂದಲೇ ಬಂದಿತ್ತು.