ಬಂಡೆಪ್ಪನ ಸ್ವಂತ ದನಿ

ಸರಕು ನೋಡುವ ನನ್ನಂಥ ಅಂಗಡಿಕಾರನ ಕಣ್ಣಿನಿಂದ ನೋಡಿದರೆ ಬಂಡೆಪ್ಪನಲ್ಲಿ ಕೊಳ್ಳುವಂಥದ್ದು ಏನೂ ಇರಲಿಲ್ಲ. ಕುಳ್ಳ, ಗೂನು ಬೆನ್ನು, ಸವೆದ ಚಪ್ಪಲಿ. ಬಾಯಿ ತೆರೆದರೆ ಮಾತ್ರ ಇಡೀ ಬಜಾರು.

ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ. ರಜೆಯ ದಿನ ಕಾರ್ಟೂನುಗಳಿಗೆ ದನಿ ಕೊಡುತ್ತಿದ್ದ. ೧೯೬೯ರಲ್ಲಿ ನನ್ನ ಹಲ್ಲುಪುಡಿಗೆ ಟಾಕೀಸಿನಲ್ಲಿ ತೋರಿಸುವ ಕಾರ್ಟೂನ್ ಜಾಹೀರಾತು ಮಾಡಿಸಿದೆ. ಅದರಲ್ಲಿ ಕಾಗೆ, ಅಜ್ಜಿ, ಮೊಮ್ಮಗ ಎಲ್ಲಾ ಅವನೇ. ಕಾಗೆಯ ದನಿಗೆ ಕೆನ್ನೆಯಲ್ಲಿ ಅಡಿಕೆ, ಅಜ್ಜಿಗೆ ಒಳಗೆಳೆದ ತುಟಿ, ಮೊಮ್ಮಗನಿಗೆ ಹಿಡಿದ ಮೂಗು. ಮೊದಲು ದನಿ ಹಿಡಿದು, ಆಮೇಲೆ ಅದಕ್ಕೆ ತಕ್ಕಂತೆ ಚಿತ್ರ ಬರೆಯುವುದು ಆ ಕಸುಬಿನ ಪದ್ಧತಿ.

"ನನ್ನ ದನಿ ಕೇಳಿ ಮಾರಿ ಬರೀತಾರ್ರೀ ಸಾವಕಾರ್ರ," ಎಂದು ಬೀಗುತ್ತಿದ್ದ.

"ನಿನ್ನ ಮಾರಿ ತೋರ್ಸಿದ್ರ ಪುಡಿ ಯಾರ್ ತಗೋತಾರೋ?" ಎನ್ನುತ್ತಿದ್ದೆ ನಾನು.

ಆಮೇಲೆ ಸೋಪಿನ ಆನೆಯಾದ, ಬಿಸ್ಕತ್ತಿನ ಬೆಕ್ಕಾದ, ಸರ್ಕಾರದ ಲಸಿಕೆ ಚಿತ್ರದಲ್ಲಿ ಸಿಡುಬಿನ ರಾಕ್ಷಸನಾದ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ.

೧೯೭೬ರಲ್ಲಿ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದಮೇಲೆ ದನಿ ಇರುವುದಿಲ್ಲ ಎಂದರು ಡಾಕ್ಟರು. ಅವನ ಹೆಂಡತಿ ಭಾಗವ್ವ ಮಲಾಡಿನ ನನ್ನ ಅಂಗಡಿಗೆ ಬಂದಳು. "ಅಣ್ಣಾರ, ಕಾಗಿ ದನಿ ಊರತುಂಬ ಐತಿ. ನನ್ನ ಗಂಡನ ದನಿ ಒಂದೀಟು ಹಿಡಿದಿಡ್ರಿ."

ಬಂಡೆಪ್ಪನನ್ನು ಸ್ಟುಡಿಯೋಕ್ಕೆ ಕರೆದೊಯ್ದೆ. ಮೈಕಿನ ಮುಂದೆ ನಿಂತವನ ಕೈ ತಾನಾಗಿ ಮೂಗಿಗೆ ಹೋಯಿತು. ಮೊಮ್ಮಗ ಬಂದ, ಅಜ್ಜಿ ಬಂದಳು, ಕಾಗೆ ಬಂತು.

"ನಿನ್ನ ದನೀಲೆ ಮಾತಾಡೋ ಮಾರಾಯಾ."

"ಏನಂತ ಮಾತಾಡ್ಲಿರಿ?"

"ಹೇಣ್ತೀನ್ನ ಕರಿ."

ತಲೆ ತಗ್ಗಿಸಿದ. ನಮ್ಮ ಕಡೆ ಗಂಡನಾದವನು ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. 'ಏ ಇಕಿನ' ಎಂದರೆ ಮುಗಿಯಿತು. ಟೇಪು ಓಡುತ್ತಿರಲಿ ಎಂದು ಹೇಳಿ, ಎಲ್ಲರನ್ನೂ ಹೊರಗೆ ಕಳಿಸಿ ನಾನೂ ಬಾಗಿಲು ಎಳೆದುಕೊಂಡು ಬಂದೆ. ಆಮೇಲೆ ಕೇಳಿದರೆ ಬರೀ ಕೆಮ್ಮು, ಬಹಳ ಹೊತ್ತು. ಕೊನೆಗೆ ನಾನೆಂದೂ ಕೇಳಿರದ ಒಂದು ಮೆತ್ತನೆಯ ದನಿ: "ಭಾಗೀ, ಊಟ ಆತೇನ?"

ಆಪರೇಷನ್ನಿನಲ್ಲಿ ದನಿ ಹೋಯಿತು. ದೀಪಾವಳಿಯ ಹೊತ್ತಿಗೆ ಬಂಡೆಪ್ಪನೂ ಹೋದ.

ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಟೇಪ್ ರೆಕಾರ್ಡರ್ ಎಲ್ಲಿಂದ ಬರಬೇಕು? ಭಾಗವ್ವ ಲೋಕಲ್ ರೈಲು ಹಿಡಿದು ನನ್ನ ಅಂಗಡಿಗೇ ಬರುತ್ತಾಳೆ. ಗಿರಾಕಿಗಳನ್ನು ನಿಲ್ಲಿಸಿ ಟೇಪು ಹಾಕುತ್ತೇನೆ. ಹೆಸರು ಕೇಳಿದೊಡನೆ ಜನರಿದ್ದಾರೆಂದು ನಾಚಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ಇಲ್ರಿ, ಮದಲ ನಿಮ್ಮದಾಗ್ಲಿ," ಎಂದು ಟೇಪಿನ ದನಿಗೆ ಉತ್ತರ ಕೊಡುತ್ತಾಳೆ.

ಜನ ಇವತ್ತಿಗೂ 'ಕಾಗೆ ಪುಡಿ ಕೊಡಿ' ಎಂದೇ ಕೇಳುತ್ತಾರೆ. ನನ್ನ ಅಂಗಡಿ ನಿಂತದ್ದು ಬಂಡೆಪ್ಪನ ಗಂಟಲಿನ ಮೇಲೆ. ಆ ಋಣ ನನ್ನ ಮೇಲಿದೆ.