ಕೊನೆಯ ಕಂತು ಇಲ್ಲದ ಕಾದಂಬರಿ

ಮೈದಾ ಅಂಟಿನ ವಾಸನೆ ನಿಮಗೆ ಗೊತ್ತಿರಬಹುದು. ಅದರಲ್ಲಿ ಮೈಲುತುತ್ತ ಬೆರೆಸಿರುತ್ತಾರೆ, ಹುಳ ಹಿಡಿಯದಿರಲಿ ಎಂದು. ಮೊನ್ನೆ ಚಾಮರಾಜಪೇಟೆಯ ಬೈಂಡಿಂಗ್ ಅಂಗಡಿಯೊಂದಕ್ಕೆ ಹೋಗಿದ್ದೆ. ಕೈಯಲ್ಲಿ ಬೆನ್ನು ಕಿತ್ತುಹೋದ ಹಳೆಯ ಪುಸ್ತಕ. ಅಂಗಡಿಯವರು ಹಾಳೆ ತಿರುವಿ, "ಇದು ಅರ್ಧಕ್ಕೇ ನಿಂತಿದೆಯಲ್ಲ ಸರ್, ಕೊನೇದು ಎಲ್ಲಿ?" ಎಂದರು. ಕೊನೆಯದು ನನ್ನ ಜೇಬಿನಲ್ಲಿತ್ತು. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಿರಲಿಲ್ಲ. ಅಂಟಿನ ವಾಸನೆ ಮೂಗಿಗೆ ಬಡಿದು, ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಎಪ್ಪತ್ತರ ದಶಕದಲ್ಲಿ ನಾವಿದ್ದ ವಠಾರ ಅಲ್ಲಿಂದ ಎರಡು ರಸ್ತೆ ಆಚೆ. ನಾಲ್ಕು ಮನೆ ಸೇರಿ ಒಂದೇ ವಾರಪತ್ರಿಕೆ ತರಿಸುತ್ತಿದ್ದೆವು. ಸರತಿಯ ಮೇಲೆ ಒಂದೊಂದು ವಾರ ಒಂದೊಂದು ಮನೆಗೆ ಮೊದಲು. ಮಧ್ಯಾಹ್ನ ಮುಸುರೆ ಕೆಲಸ ಮುಗಿದ ಮೇಲೆ ಅಮ್ಮ ಜಗಲಿಯಲ್ಲಿ ಕೂತು ಧಾರಾವಾಹಿಯನ್ನು ಗಟ್ಟಿಯಾಗಿ ಓದುವಳು, ಉಳಿದವರು ಅಕ್ಕಿ ಆರಿಸುತ್ತ ಕೇಳುವರು. ಎಲ್ಲರದೂ ಆದ ಮೇಲೆ ಕಥೆಯ ಹಾಳೆಗಳನ್ನು ಪಿನ್ನು ಬಿಚ್ಚಿ ತೆಗೆದಿಡುವ ಕೆಲಸ ರಾಮು ಚಿಕ್ಕಪ್ಪನದು. ಕಾದಂಬರಿ ಮುಗಿದಾಗ ಬೈಂಡು ಮಾಡಿಸಿದರೆ ಪುಕ್ಕಟೆ ಪುಸ್ತಕ. ನಮ್ಮ ಮನೆಯ ಗ್ರಂಥಾಲಯವೆಲ್ಲ ಹೀಗೆ ಹುಟ್ಟಿದ್ದೇ.

ಆ ವರ್ಷದ ಧಾರಾವಾಹಿಯಲ್ಲಿ ಒಬ್ಬ ರೈಲ್ವೆ ಗುಮಾಸ್ತ ಕೆಲಸ ಬಿಟ್ಟು ಚಿತ್ರಕಾರನಾಗಲು ಹೊರಡುತ್ತಾನೆ. ಹೆಂಡತಿ ತವರಿಗೆ ಹೋಗುತ್ತಾಳೆ, ಉಪವಾಸ ಬೀಳುತ್ತಾನೆ, ಆದರೂ ಬಿಡುವುದಿಲ್ಲ. ಪುಟಕ್ಕೊಂದು ಬುದ್ಧಿಮಾತು. 'ಕೈ ನಡುಗಿದ ದಿನವೂ ಕುಂಚ ತೊಳೆದಿಡು' ಎಂಬಂಥವು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟಾಗಿದ್ದ ಚಿಕ್ಕಪ್ಪ ಇವುಗಳ ಕೆಳಗೆ ಸೀಸದ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದ. ಅವನೂ ಚಿತ್ರ ಬರೆಯುತ್ತಿದ್ದ. ಚೆನ್ನಾಗಿ ಬರೆಯುತ್ತಿದ್ದನೇ? ನನಗೆ ಹಾಗೆಂದು ನೆನಪು. ಒಂದೂ ಉಳಿದಿಲ್ಲವಾದ್ದರಿಂದ ನೆನಪನ್ನು ಪರೀಕ್ಷಿಸುವ ದಾರಿಯಿಲ್ಲ.

ಕೊನೆಯದಕ್ಕೆ ಹಿಂದಿನ ಕಂತಿನಲ್ಲಿ ಗುಮಾಸ್ತ ತನ್ನ ಚಿತ್ರಗಳನ್ನೆಲ್ಲ ಒಂದು ಸಭಾಂಗಣದಲ್ಲಿ ತೂಗುಹಾಕಿ, ಬೆಳಿಗ್ಗೆ ಬಾಗಿಲು ತೆರೆಯುತ್ತಾನೆ. ಮುಂದಿನ ವಾರ ಮುಕ್ತಾಯ. ಆ ವಾರ ಸರತಿ ಪಕ್ಕದ ಮನೆಯ ಕಮಲಮ್ಮನವರದು. ಅವರ ಮಗಳು ದಾವಣಗೆರೆಯಲ್ಲಿ ಬಸುರಿ. ಪತ್ರಿಕೆಯಲ್ಲಿ ಮಗುವಿನ ಸ್ವೆಟರಿನ ಡಿಸೈನು ಬಂದಿತ್ತು. ಆ ಹಾಳೆಗಳನ್ನೇ ಕಿತ್ತು ಮಗಳಿಗೆ ಕಳಿಸಿಯೇ ಬಿಟ್ಟರು.

"ಅಯ್ಯೋ, ಹಿಂದುಗಡೆ ಕಥೆ ಇತ್ತೇನ್ರೀ? ನಾನು ಸ್ವೆಟರ್ ಒಂದೇ ನೋಡಿದ್ದು!"

"ಮನೆ ಹಾಳಾಗ! ಅವನನ್ನ ಬಾಗಿಲಲ್ಲೇ ನಿಲ್ಲಿಸ್ಬಿಟ್ರಲ್ರೀ ನೀವು," ಎಂದಳು ಅಮ್ಮ.

ಅಂಗಡಿಗಳಲ್ಲಿ ಆ ಸಂಚಿಕೆ ಮುಗಿದಿತ್ತು. ಉಳಿದ ಕಂತುಗಳನ್ನಷ್ಟೇ ಚಿಕ್ಕಪ್ಪ ಬೈಂಡು ಮಾಡಿಸಿದ. ಸರಿ, ವಠಾರದ ನಲ್ಲಿಯ ಹತ್ತಿರ ಹೆಂಗಸರೇ ಕಥೆ ಮುಗಿಸಿದರು. "ಜನ ಬಂದೇ ಬರ್ತಾರೆ. ಅಷ್ಟು ಕಷ್ಟಪಟ್ಟೋನಿಗೆ ಯಾರೂ ಬರ್ಲಿಲ್ಲ ಅಂತ ಬರೆಯೋಕೆ ಅವರಿಗೇನು ಹುಚ್ಚಾ?" ಎಂದಳು ಅಮ್ಮ. "ಹೆಂಡ್ತೀನೂ ಬರ್ಬೇಕು ಕಣ್ರೀ," ಎಂದರು ತಪ್ಪಿತಸ್ಥ ಕಮಲಮ್ಮ. "ಬರ್ಲಿ, ಎಲ್ಲರಿಗಿಂತ ಮುಂದೆ ಅವಳನ್ನೇ ನಿಲ್ಸೋಣ," ಎಂದು ಅಮ್ಮ ಒಪ್ಪಿದಳು. ಚಿಕ್ಕಪ್ಪ ಬಿಂದಿಗೆ ಹಿಡಿದು ನಿಂತು, ನಗುತ್ತ ಕೇಳುತ್ತಿದ್ದ.

ಮುಂದಿನ ತಿಂಗಳು ಅವನು ರಾಜೀನಾಮೆ ಕೊಟ್ಟ.

"ಪರ್ಮನೆಂಟ್ ಕೆಲಸ ಕಣೋ!" ಅಪ್ಪ ಕೂಗಾಡಿದರು. "ಕಥೆ ಓದಿ ರಾಜೀನಾಮೆ ಕೊಡ್ತಾರೇನೋ ಯಾರಾದ್ರೂ?"

"ಓದದೇ ಇರೋರು ಕೊಡಲ್ಲ ಅಣ್ಣ."

ಮುಂದಿನದನ್ನು ಹಿಗ್ಗಿಸಿ ಹೇಳುವ ಆಸೆ ನನಗಿಲ್ಲ. ಅವನ ಚಿತ್ರಗಳನ್ನು ಯಾರೂ ಕೊಳ್ಳಲಿಲ್ಲ. ಮೆಜೆಸ್ಟಿಕ್ಕಿನ ಸಿನಿಮಾ ಬ್ಯಾನರ್ ಬರೆಯುವವರ ಶೆಡ್ಡು ಸೇರಿದ. ಅಲ್ಲಿ ಮುಖ ಬರೆಯುವುದು ಮೇಸ್ತ್ರಿಯ ಹಕ್ಕು. ಚಿಕ್ಕಪ್ಪನಿಗೆ ಸಿಕ್ಕಿದ್ದು ನಾಯಕಿಯ ಸೀರೆ, ಖಳನಾಯಕನ ಬಂದೂಕು, ಹಿಂದಿನ ಹೊಗೆ. ಚಿತ್ರಮಂದಿರದಿಂದ ಸಿನಿಮಾ ಎತ್ತಿದ ಮೇಲೆ ಬ್ಯಾನರು ಶೆಡ್ಡಿಗೆ ವಾಪಸಾಗುತ್ತಿತ್ತು. ಅದರ ಮೇಲೆ ಬಿಳಿ ಬಳಿದು ಹೊಸದಕ್ಕೆ ಸಿದ್ಧ ಮಾಡುವುದೂ ಅವನ ಕೆಲಸವೇ. ತಾನು ಬರೆದ ಸೀರೆಗೆ ತಾನೇ ಸುಣ್ಣ ಹೊಡೆದಂತೆ. ಅವನ ಬಟ್ಟೆಯಲ್ಲಿ ಟರ್ಪೆಂಟೈನಿನ ವಾಸನೆ ಸೇರಿಕೊಂಡಿತು, ಎದೆಯಲ್ಲಿ ಕೆಮ್ಮು. ಮದುವೆಯ ಮಾತನ್ನು ಮೊದಮೊದಲು ಅವನು ಮುಂದೂಡಿದ, ಆಮೇಲೆ ಹೆಣ್ಣು ಕೊಡುವವರೇ ಬರಲಿಲ್ಲ.

ಆ ಹೊತ್ತಿಗೆ ನಾನು ಎಂ.ಎ. ಓದುತ್ತಿದ್ದೆ. ಎಲ್ಲವನ್ನೂ ಅನುಮಾನಿಸುವುದೇ ವಿದ್ಯೆ ಎಂದು ನಂಬಿ, ಆ ನಂಬಿಕೆಯೊಂದನ್ನು ಮಾತ್ರ ಅನುಮಾನಿಸದ ವಯಸ್ಸು. ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಸಂಪುಟ ತೆರೆದಾಗ ಕೊನೆಯ ಕಂತು ಸಿಕ್ಕಿತು. ಗುಮಾಸ್ತ ಬಾಗಿಲು ತೆರೆಯುತ್ತಾನೆ. ಯಾರೂ ಬರುವುದಿಲ್ಲ. ಮಳೆಯಿಂದ ತಪ್ಪಿಸಿಕೊಳ್ಳಲು ಒಬ್ಬ ಒಳಗೆ ಬಂದು, ಚಿತ್ರಗಳಿಗೆ ಬೆನ್ನು ಹಾಕಿ ನಿಂತು, ಮಳೆ ಬಿಟ್ಟ ಮೇಲೆ ಹೋಗುತ್ತಾನೆ. ಸಂಜೆ ಗುಮಾಸ್ತನೇ ಬೀಗ ಹಾಕುತ್ತಾನೆ. ಅಷ್ಟೇ. ಕೊನೆಯಲ್ಲಿ ಒಂದು ಬುದ್ಧಿಮಾತೂ ಇಲ್ಲ.

ಎಂಬತ್ತರ ದಶಕದ ನಡುವೆ ಚಿಕ್ಕಪ್ಪ ಆಸ್ಪತ್ರೆ ಸೇರಿದ. ಶ್ವಾಸಕೋಶ ಮುಗಿದಿತ್ತು. ಒಂದು ಮಧ್ಯಾಹ್ನ ಅವನ ಹತ್ತಿರ ಕೂತಿದ್ದಾಗ ಮಾತಿಗೆ ಬೇರೇನೂ ತೋಚದೆ ಹೇಳಿದೆ: "ಆ ಕಾದಂಬರಿ ಕೊನೆ ಸಿಕ್ತು ಚಿಕ್ಕಪ್ಪ."

"ಮಳೆ ಬಿಡ್ತು, ಅವನು ಹೋದ," ಎಂದ ಚಿಕ್ಕಪ್ಪ. "ಇವನು ಬೀಗ ಹಾಕ್ದ. ಅಲ್ವೇನೋ?"

"ನಿಂಗೆ ಹೇಗೆ ಗೊತ್ತು?"

"ಕಟಿಂಗ್ ಶಾಪಲ್ಲಿ ಓದಿದ್ದೆ ಕಣೋ. ಆ ವಾರಾನೇ."

"ಗೊತ್ತಿದ್ದೂ ಕೆಲಸ ಬಿಟ್ಯಾ?"

ತುಂಬ ಹೊತ್ತು ಉಸಿರೆಳೆದು ಅವನು ಅಂದದ್ದು: "ಅತ್ತಿಗೆ ಹೇಳಿದ ಕೊನೇನೇ ಚೆನ್ನಾಗಿತ್ತು."

ಹೀಗೆಂದು ನನ್ನ ನೆನಪು. ಅವನು ತೀರಿಕೊಂಡ ಮೇಲೆ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಅವನಿಗೆ ಆಗ ಮಾತೆಲ್ಲಿ ಬರ್ತಿತ್ತೋ? ಬಾಯಿಗೂ ಮೂಗಿಗೂ ನಳಿಗೆ ಹಾಕಿದ್ರಲ್ಲ. ನೀನೇ ಕಥೆ ಹೇಳಿರ್ತೀಯ, ಅವನು ತಲೆ ಆಡಿಸಿರ್ತಾನೆ," ಎಂದಳು. ಅಮ್ಮನ ನೆನಪು ನನ್ನದಕ್ಕಿಂತ ಗಟ್ಟಿ. ನಳಿಗೆ ನನಗೂ ನೆನಪಿದೆ. ಹಾಗಾದರೆ ಆ ಮಾತುಗಳನ್ನು ಯಾರು ಆಡಿದ್ದು? ಅವನನ್ನು ಕಥೆ ನಂಬಿ ಕೆಟ್ಟವನೆಂದು ಒಪ್ಪಲಾರದೆ ನಾನೇ ಕಟ್ಟಿಕೊಂಡೆನೇ, ನಲ್ಲಿಯ ಹತ್ತಿರದ ಹೆಂಗಸರ ಹಾಗೆ?

"ಸರ್, ಹೀಗೇ ಹೊಲಿದುಬಿಡ್ಲಾ?" ಅಂಗಡಿಯವರು ಕೇಳಿದರು.

ಕೊನೆಯ ಕಂತಿಲ್ಲದ ಪುಸ್ತಕದಲ್ಲಿ ಚಿಕ್ಕಪ್ಪ ಮೋಸಹೋದವನು. ಕೊನೆಯ ಕಂತು ಸೇರಿದರೆ, ಗೊತ್ತಿದ್ದೇ ಬಾಗಿಲು ತೆರೆದವನು. ಸಾಕ್ಷಿ ನಾನೊಬ್ಬನೇ, ಆ ಸಾಕ್ಷಿಯ ಮೇಲೆ ನನಗೇ ನಂಬಿಕೆಯಿಲ್ಲ. ಜೇಬಿನಿಂದ ಜೆರಾಕ್ಸ್ ಹಾಳೆಗಳನ್ನು ತೆಗೆದು ಕೊಟ್ಟೆ.

"ಇದನ್ನೂ ಸೇರಿಸಿ."

ಅವರು ಹಾಳೆಯನ್ನು ಹಳೆಯದರ ಪಕ್ಕ ಹಿಡಿದು ನೋಡಿದರು. "ಅದು ಹಳದಿ, ಇದು ಬಿಳಿ. ಆಮೇಲೆ ಸೇರಿಸಿದ್ದು ಅಂತ ಗೊತ್ತಾಗ್ಬಿಡತ್ತೆ ಸರ್."

"ಗೊತ್ತಾಗ್ಲಿ ಬಿಡಿ," ಎಂದೆ.