ಕೀಲಣ್ಣ ಸತ್ತ ಜಾಗ

ಜೊತೆಗಾರರು ಅವನನ್ನು ಕೀಲಣ್ಣ ಎಂದು ಕರೆಯುತ್ತಿದ್ದರು. ಕೆಲಸವೇ ಅದು. ಸೈನ್ಯದವರು ನಡುಸಮುದ್ರದಲ್ಲಿ ಕಬ್ಬಿಣದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ತೇಲಿಬಿಟ್ಟು, ಒಂದಕ್ಕೊಂದು ಕೀಲು ಹಾಕಿ, ಮೇಲೆ ವಿಮಾನ ಇಳಿಯುವಷ್ಟು ಉದ್ದದ ಅಂಗಳ ಮಾಡಿದ್ದರು. ಒಳಗೆ ಮದ್ದುಗುಂಡು, ಎಣ್ಣೆ, ಹಿಟ್ಟಿನ ಮೂಟೆ. ಅಲೆ ಎದ್ದರೆ ಪೆಟ್ಟಿಗೆಗಳು ಏರಿಳಿಯುತ್ತವೆ. ಕೀಲು ಸಡಿಲಾದರೆ ಎಲ್ಲವೂ ನೀರುಪಾಲು. ಅವನು ಎರಡು ಪೆಟ್ಟಿಗೆಗಳ ಸಂದಿಗೆ ಇಳಿದು, ಕೀಲಿನ ತೊಡೆ ದಪ್ಪದ ಗೂಟಕ್ಕೆ ಗ್ರೀಸ್ ಬಳಿದು, ಬಿರುಕು ಬಿಟ್ಟಿದೆಯೇ ಎಂದು ಬೆರಳಿನಲ್ಲಿ ತಡವಿ ನೋಡುತ್ತಿದ್ದ. ಹನ್ನೊಂದು ವರ್ಷ ಅದನ್ನೇ ಮಾಡಿದ.

ರಜೆಗೆ ಬಂದರೆ ಎರಡು ದಿನ ಗೋಡೆ ಹಿಡಿದು ನಡೆಯುತ್ತಿದ್ದ.

"ನಿಮ್ಮ ನೆಲ ಸರಿ ಇಲ್ಲ ಕಣೇ, ಅಲ್ಲಾಡೋದೇ ಇಲ್ಲ."

"ಕುಡಿದೋರ ಹಾಗೆ ನಡೀಬೇಡಿ, ಎದುರುಮನೆಯವರು ನೋಡ್ತಾರೆ" ಎಂದು ಹೆಂಡತಿ ಗದರುತ್ತಿದ್ದಳು. ಅಡುಗೆಮನೆ ಬಾಗಿಲು ಕಿರ್ರ್ ಎನ್ನುತ್ತಿತ್ತು. ಅದಕ್ಕೆ ಎಣ್ಣೆ ಹಾಕಿ ಎಂದರೆ, "ರಜೆಯಲ್ಲೂ ಕೀಲೇನಾ?" ಎಂದು ಮಗ್ಗುಲಾಗುತ್ತಿದ್ದ.

ಸಂದಿಗೆ ಇಳಿಯುವವನು ಮೇಲೊಂದು ಕೆಂಪು ಹಲಗೆ ತೂಗುಹಾಕಬೇಕು. ಹಲಗೆ ಇರುವಷ್ಟು ಹೊತ್ತು ವಿಮಾನ ಇಳಿಯುವ ಹಾಗಿಲ್ಲ. ಹಾಕಿದವನೇ ತೆಗೆಯಬೇಕು, ಬೇರೆ ಯಾರೂ ಮುಟ್ಟಬಾರದು. ಅಲ್ಲಿನ ಕಟ್ಟಳೆ ಅದು. ಒಂದು ದಿನ ಮಧ್ಯಾಹ್ನ ಅವನು ಸಂದಿಯಲ್ಲಿದ್ದಾಗಲೇ ಸರಕಿನ ವಿಮಾನ ಹೊತ್ತಿಗೆ ಮುಂಚೆ ಬಂತು. ಅವಸರದ ಅಧಿಕಾರಿ ಹಲಗೆ ತೆಗೆಸಿದ. ವಿಮಾನದ ಭಾರಕ್ಕೆ ಪೆಟ್ಟಿಗೆ ತಗ್ಗಿತು. ಸಂದಿ ಮುಚ್ಚಿತು.

ಇಷ್ಟನ್ನು ಜೊತೆಗಾರನೊಬ್ಬ ಮನೆಗೆ ಬಂದು, ತಲೆ ಎತ್ತದೆ ಹೇಳಿ ಹೋದ. ಸೈನ್ಯದವರು ಹೆಣ ಕಳಿಸಿದರು, ಹೇಗೆ ಸತ್ತ ಎಂಬ ಮಾತು ಕಳಿಸಲಿಲ್ಲ.

ಸಾವನ್ನು ಬರೆಸಲು ಹೆಂಡತಿ ಬಂದರಿನ ಕಚೇರಿಗೆ ಹೋದಳು. ಅವರು ನಮ್ಮದಲ್ಲ ಎಂದರು. ಆಮೇಲೆ ಮೈದುನನ ಜೊತೆ ಊರಿನ ಕಚೇರಿಗೆ ಬಂದಳು. ಗುಮಾಸ್ತ ಫಾರಂ ಮುಂದಿಟ್ಟುಕೊಂಡ.

"ಸತ್ತ ಜಾಗ?"

"ಸಮುದ್ರದ ಮೇಲೆ. ಸೈನ್ಯದ ತೇಲೋ ನೆಲೆ."

"ಹಡಗಾ?"

"ಅಲ್ಲ. ಅದಕ್ಕೆ ಎಂಜಿನ್ನಿಲ್ಲ. ಎಳ್ಕೊಂಡು ಹೋಗಿ ನಿಲ್ಲಿಸಿದ್ದು."

"ದ್ವೀಪಾನಾ?"

"ಕಬ್ಬಿಣ."

"ಹಡಗಾದ್ರೆ ಬಂದರಿನವರು ಬರೀತಾರೆ. ನೆಲ ಆದ್ರೆ ನಾವು ಬರೀತೀವಿ. ಇದು ಎರಡೂ ಅಲ್ವಲ್ಲಮ್ಮ." ಗುಮಾಸ್ತ ದನಿ ತಗ್ಗಿಸಿದ. "ಸೈನ್ಯದವರೂ ಹೇಳಿ ಕಳಿಸಿದ್ದಾರೆ. ಮನೇಲಿ ಸತ್ತರು ಅಂತ ಬರೆಯೋಣ. ಒಂದು ಸಹಿ ಹಾಕಿ, ಇವತ್ತೇ ಮುಗೀತು."

"ಹಾಕಿಬಿಡಿ ಅತ್ತಿಗೆ" ಎಂದ ಮೈದುನ. "ಎಲ್ಲಿ ಸತ್ತರೇನು? ಅಣ್ಣ ವಾಪಸ್ ಬರ್ತಾನಾ?"

"ಬರಲ್ಲ. ಅದಕ್ಕೇ ಹಾಕಲ್ಲ."

ಗುಮಾಸ್ತನ ಕಡೆ ತಿರುಗಿದಳು.

"ಮನೇಲಿ ಸತ್ತಿದ್ರೆ ಅವರ ತಲೆ ನನ್ನ ತೊಡೆ ಮೇಲಿರ್ತಿತ್ತು. ಮನೇಲಿ ಅವರನ್ನ ಕೊಂದೋರು ಯಾರು ಸ್ವಾಮಿ? ನಾನಾ?"

"ಕೊಂದ್ರು ಅಂತ ಯಾರಮ್ಮ ಅಂದ್ರು? ಅಂಥ ಜಾಗಾನೇ ನಮ್ಮ ಪಟ್ಟೀಲಿಲ್ಲ."

"ಹನ್ನೊಂದು ವರ್ಷ ದುಡಿಸ್ಕೊಳ್ಳೋವಾಗ ಇತ್ತು. ಸತ್ತ ಮೇಲೆ ಇಲ್ವಾ?"

ಫಾರಂ ಎಳೆದುಕೊಂಡಳು. ಅವನ ಕೈಯಿಂದ ಪೆನ್ನನ್ನೂ ಕಿತ್ತುಕೊಂಡಳು. ಓದಿದ್ದು ಮೂರನೇ ಇಯತ್ತೆ. ಒಂದೊಂದೇ ಅಕ್ಷರ ಒತ್ತಿ ಬರೆದಳು: ಸಮುದ್ರದ ಮೇಲೆ, ಸೈನ್ಯದ ನೆಲೆಯಲ್ಲಿ, ಕೀಲಿನ ಸಂದಿಯಲ್ಲಿ, ಕೆಲಸ ಮಾಡುವಾಗ. ಚೌಕ ಸಾಲದೆ ಅಕ್ಷರ ಪಕ್ಕದ ಚೌಕಕ್ಕೂ ಹರಿಯಿತು.

"ಅಯ್ಯೋ, ಫಾರಂ ಕೆಡಿಸಿಬಿಟ್ರಲ್ಲ! ಇದು ನಡೆಯಲ್ಲ."

"ಇನ್ನೊಂದು ಕೊಡಿ."

"ಕೊಟ್ರೆ ಏನು ಬರೀತೀರಿ?"

"ಇದನ್ನೇ."

ಗುಮಾಸ್ತ ಮೈದುನನ ಮುಖ ನೋಡಿದ. ಮೈದುನ ಗೋಡೆ ನೋಡಿದ. ಇನ್ನೊಂದು ಫಾರಂ ಬರಲಿಲ್ಲ, ಅವಳು ಕುರ್ಚಿಯಿಂದ ಏಳಲೂ ಇಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.

ಗೊಣಗಲಿ.